ಬಡಿಗ ಬೇಡವೆಂದ ಹಲಗೆಗೆ ಬಂಗಾರದ ಬೆಲೆ

ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನ ಚಿಕ್ಕನರಗುಂದ ಎರೆಮಣ್ಣಿನ ಊರು. ಜೋಳ, ಕಡಲೆ, ಹತ್ತಿ ಬೆಳೆಯುವ ಈ ಬಯಲುಸೀಮೆಯಲ್ಲಿ ದಟ್ಟ ಕಾಡಿಲ್ಲ. ಮರವೆಂದರೆ ಹೊಲದ ಬದುವಿನ ಜಾಲಿ, ಬೇವು, ಊರಂಚಿನ ಹುಣಸೆ. ಮರ ಕಡಿಮೆ ಇರುವ ಕಡೆ ಅದರ ಪರೀಕ್ಷೆ ಹೆಚ್ಚು. ಕೊಡಲಿಗೆ ಕಾವು, ಚಕ್ಕಡಿಗೆ ನೊಗ, ಕೂರಿಗೆಗೆ ದಿಂಡು ಬೇಕಾದಾಗ ಬಡಿಗರು ತುಂಡನ್ನು ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಅದರ ಎಳೆ ಓಡಿರುವ ದಾರಿಯನ್ನು ನೋಡುತ್ತಾರೆ. ಎಳೆ ತುದಿಯಿಂದ ತುದಿಗೆ ನೆಟ್ಟಗಿದ್ದರೆ ತುಂಡು ಕೆಲಸಕ್ಕೆ ಬಂತು. ಎಳೆ ತಿರುಚಿದ್ದರೆ, ಅಲೆಯಂತೆ ಬಳುಕಿದ್ದರೆ, ಗಂಟು ಕಟ್ಟಿದ್ದರೆ ಅದು ಒಲೆಯ ಪಾಲು.

ಆದರೆ ಇದೇ ಬಳುಕಿದ ಎಳೆಯ ಹಲಗೆಯನ್ನು ಹುಡುಕಿಕೊಂಡು ಕಾಡು ಅಲೆಯುವವರು, ಅದಕ್ಕೆ ಸಾದಾ ಹಲಗೆಯ ಹಲವು ಪಟ್ಟು ಬೆಲೆ ಕೊಡುವವರು ಪ್ರಪಂಚದಲ್ಲಿದ್ದಾರೆ. ಅವರೇ ಎಲೆಕ್ಟ್ರಿಕ್ ಗಿಟಾರ್ ಮಾಡುವವರು. ಬಡಿಗರ ಲೆಕ್ಕದಲ್ಲಿ ದೋಷವಾದದ್ದು ಗಿಟಾರಿನ ಮುಖದ ಮೇಲೆ ಅಲಂಕಾರವಾಗುವುದು ಹೇಗೆ? ಇಬ್ಬರಲ್ಲಿ ಯಾರ ಲೆಕ್ಕ ಸರಿ? ಇಂದು ಜಿಲ್ಲಾ ಕೇಂದ್ರಗಳಲ್ಲಷ್ಟೇ ಅಲ್ಲ, ತಾಲ್ಲೂಕು ಊರುಗಳಲ್ಲೂ ಹೈಸ್ಕೂಲು, ಕಾಲೇಜು ಮಕ್ಕಳು ಗಿಟಾರ್ ಬೇಕೆಂದು ಮನೆಯಲ್ಲಿ ಹಟ ಹಿಡಿಯುತ್ತಿದ್ದಾರೆ. ಆದ್ದರಿಂದ ಈ ಪ್ರಶ್ನೆಗೆ ಉತ್ತರ ತಿಳಿದಿರುವುದು ಮಕ್ಕಳಿಗೂ ಒಳ್ಳೆಯದು, ಹಣ ಕೊಡುವ ತಂದೆ-ತಾಯಿಗೂ ಒಳ್ಳೆಯದು.

ಚಿತ್ತಾರ ಎಲ್ಲಿಂದ ಬಂತು?

ಮರವೆಂಬುದು ಒಂದೇ ಗಟ್ಟಿ ವಸ್ತುವಲ್ಲ. ಅದು ಬರಿಗಣ್ಣಿಗೆ ಕಾಣದಷ್ಟು ಸಣ್ಣ, ಉದ್ದನೆಯ ಕೊಳವೆಯಂಥ ಕೋಶಗಳ ಕಟ್ಟು. ತೊಗಟೆಯ ಒಳಬದಿಗೆ ಅಂಟಿಕೊಂಡ ಕ್ಯಾಂಬಿಯಂ ಎಂಬ ತೆಳು ಪದರ ಹೊಸ ಕೋಶಗಳನ್ನು ಹುಟ್ಟಿಸುತ್ತ ಹೋಗುತ್ತದೆ. ಹೊಸ ಕೋಶಗಳು ಸಾಮಾನ್ಯವಾಗಿ ಬೇರಿನಿಂದ ತುದಿಯ ಕಡೆಗೆ ನೆಟ್ಟಗೆ ನಿಲ್ಲುತ್ತವೆ. ಕೆಲವು ಮರಗಳಲ್ಲಿ ಮಾತ್ರ ಅವು ನೆಟ್ಟಗೆ ನಿಲ್ಲದೆ ನೀರಿನ ಅಲೆಯಂತೆ ಏರಿಳಿಯುತ್ತ ಸಾಗುತ್ತವೆ. ಇಂಥ ಮರವನ್ನು ಸೀಳಿ, ಮೇಲ್ಮೈಯನ್ನು ನಯಮಾಡಿದಾಗ ಗರಗಸದ ದಾರಿ ನೆಟ್ಟಗಿರುತ್ತದೆ, ಎಳೆಯ ದಾರಿ ಡೊಂಕಾಗಿರುತ್ತದೆ. ಹೀಗಾಗಿ ಹಲಗೆಯ ಮೇಲೆ ಒಂದು ಕಡೆ ಎಳೆ ಮಲಗಿರುತ್ತದೆ, ಪಕ್ಕದಲ್ಲೇ ಇನ್ನೊಂದು ಕಡೆ ಅದು ತುದಿ ಮೇಲೆತ್ತಿಕೊಂಡಿರುತ್ತದೆ.

ಮಲಗಿದ ಎಳೆ ಬೆಳಕನ್ನು ಕನ್ನಡಿಯಂತೆ ಹಿಂದಕ್ಕೆ ಕಳಿಸುತ್ತದೆ. ತುದಿ ಮೇಲೆತ್ತಿದ ಎಳೆಯಲ್ಲಿ ಬೆಳಕು ಕೊಳವೆಯ ಬಾಯೊಳಗೆ ಇಳಿದು ಅಲ್ಲೇ ಉಳಿಯುತ್ತದೆ. ಮೊದಲನೆಯದು ಹೊಳೆಯುವ ಪಟ್ಟಿ, ಎರಡನೆಯದು ಕಪ್ಪು ಪಟ್ಟಿ. ಹಲಗೆಯನ್ನು ಸ್ವಲ್ಪ ವಾಲಿಸಿದರೆ ಬೆಳಕು ಬೀಳುವ ಕೋನ ಬದಲಾಗಿ ಹೊಳೆದದ್ದು ಕಪ್ಪಾಗುತ್ತದೆ, ಕಪ್ಪಾದದ್ದು ಹೊಳೆಯುತ್ತದೆ. ಆಗ ಚಿತ್ತಾರವೇ ಹಲಗೆಯ ಮೇಲೆ ಹರಿದಾಡಿದಂತೆ ಕಾಣುತ್ತದೆ. ಗುಳೇದಗುಡ್ಡದ ಖಣವನ್ನು ಕೈಯಲ್ಲಿ ತಿರುಗಿಸಿದಾಗ ಬಣ್ಣ ಬದಲಾದಂತೆ ತೋರುವುದಿಲ್ಲವೆ? ಅಲ್ಲಿ ಎರಡು ಬಣ್ಣದ ನೂಲಿನ ಆಟ, ಇಲ್ಲಿ ಒಂದೇ ಬಣ್ಣದ ಎಳೆಯ ಎರಡು ಓರೆಗಳ ಆಟ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ನೋಡಬಹುದು. ಪಾರ್ಸಲ್ ಡಬ್ಬಿಯ ಏರಿಳಿತದ ರಟ್ಟಿನ ಒಂದು ಬದಿಯ ಕಾಗದ ಸುಲಿದರೆ ಒಳಗಿನ ಅಲೆಗಳು ಕಾಣುತ್ತವೆ. ಹೊಳೆಯುವ ರೇಷ್ಮೆ ದಾರವನ್ನು ಆ ಅಲೆಗಳಿಗೆ ಅಡ್ಡಲಾಗಿ, ಅಂದರೆ ದಾರ ಏರಿ ಇಳಿಯುವಂತೆ, ಒತ್ತೊತ್ತಾಗಿ ಅಂಟಿಸಬೇಕು. ಕತ್ತಲ ಕೋಣೆಯಲ್ಲಿ ಒಂದು ಪಕ್ಕದಿಂದ ಟಾರ್ಚ್ ಬಿಟ್ಟು ರಟ್ಟನ್ನು ನಿಧಾನವಾಗಿ ವಾಲಿಸಿದರೆ ಬೆಳಕಿನ ಪಟ್ಟಿಗಳು ಜರುಗುತ್ತವೆ. ಗಿಟಾರಿನ ಮುಖದಲ್ಲಿ ಕಾಣುವ ‘ಜ್ವಾಲೆ’ಯ ರಹಸ್ಯ ಇಷ್ಟೆ.

ಒಂದೊಂದು ಮರಕ್ಕೆ ಒಂದೊಂದು ನಮೂನೆ

ಚಿತ್ತಾರಗಳಲ್ಲಿ ಹಲವು ಬಗೆ. ಅಡ್ಡ ಪಟ್ಟಿಗಳಾಗಿ ಕಾಣುವುದಕ್ಕೆ ಗಿಟಾರ್ ಜಗತ್ತಿನಲ್ಲಿ ‘ಫ್ಲೇಮ್’ ಎಂಬ ಹೆಸರಿದೆ. ಪಿಟೀಲಿನ ಬೆನ್ನಿನಲ್ಲಿ ಕಾಣುವುದೂ ಇದೇ. ನೀರಿನ ಗುಳ್ಳೆಗಳನ್ನು ಒತ್ತೊತ್ತಾಗಿ ಜೋಡಿಸಿದಂತೆ ಅಥವಾ ಕೌದಿ ಹೊಲಿದಂತೆ ಉಬ್ಬುತಗ್ಗಾಗಿ ಕಾಣುವುದು ‘ಕ್ವಿಲ್ಟ್’. ಇದು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಅಗಲ ಎಲೆಯ ಮೇಪಲ್ ಮರದಲ್ಲಿ ಹೆಚ್ಚಾಗಿ ಸಿಗುತ್ತದೆ. ಸಣ್ಣ ಸಣ್ಣ ಕಣ್ಣುಗಳಂತೆ ಚುಕ್ಕೆ ಬಿದ್ದಿರುವುದು ‘ಹಕ್ಕಿಗಣ್ಣು’. ಕಾಂಡದ ಮೇಲೆ ಬೊಕ್ಕೆಯಂತೆ ಊದಿದ ಗಂಟನ್ನು ಸೀಳಿದರೆ ಎಳೆಗಳು ಸುಳಿಸುಳಿಯಾಗಿ ಹೆಣೆದುಕೊಂಡಿರುವುದು ಕಾಣುತ್ತದೆ. ಕೊಂಬೆ ಕವಲೊಡೆಯುವ ಜಾಗದಲ್ಲಿ ನವಿಲುಗರಿಯಂಥ ರೂಪ ಮೂಡುತ್ತದೆ.

ಕೆಲವು ಚಿತ್ತಾರಗಳಿಗೆ ಮರ ಕಾರಣವೇ ಅಲ್ಲ. ಬಿದ್ದ ಮರಕ್ಕೆ ಬಿಳಿ ಕೊಳೆತದ ಶಿಲೀಂಧ್ರಗಳು ತಗಲಿದಾಗ ಒಂದು ಶಿಲೀಂಧ್ರ ತನ್ನ ಜಾಗಕ್ಕೂ ಪಕ್ಕದ ಶಿಲೀಂಧ್ರದ ಜಾಗಕ್ಕೂ ನಡುವೆ ಕಪ್ಪು ಗೋಡೆ ಕಟ್ಟುತ್ತದೆ. ಸೀಳಿದ ಹಲಗೆಯಲ್ಲಿ ಆ ಗೋಡೆಗಳು ಮಸಿಯಲ್ಲಿ ಎಳೆದ ನಕಾಶೆಯಂತೆ ಕಾಣುತ್ತವೆ. ಹೊಲಗಳ ನಡುವಿನ ಬದುವಿದ್ದಂತೆ ಅವು ಶಿಲೀಂಧ್ರಗಳ ಗಡಿರೇಖೆಗಳು. ಕೊಳೆತ ಮುಂದುವರಿಯುವ ಮುನ್ನ ಮರವನ್ನು ಒಣಗಿಸಿದರೆ ಗೆರೆಗಳು ಉಳಿಯುತ್ತವೆ, ತಡಮಾಡಿದರೆ ಹಲಗೆಯೇ ಪುಡಿಯಾಗುತ್ತದೆ.

ಚಿತ್ತಾರ ಕಾಣುವುದು ಸೀಳುವ ರೀತಿಯನ್ನೂ ಅವಲಂಬಿಸಿದೆ. ಜ್ವಾಲೆಯ ಪಟ್ಟಿಗಳು ಚೆನ್ನಾಗಿ ಮೂಡಬೇಕಾದರೆ ದಿಮ್ಮಿಯನ್ನು ಅದರ ನಡುವಿನಿಂದ ತೊಗಟೆಯ ಕಡೆಗೆ, ಚಕ್ಕಡಿ ಗಾಲಿಯ ಅರಗಳು ಹೋಗುವ ದಿಕ್ಕಿನಲ್ಲಿ ಸೀಳಬೇಕು. ಕೌದಿಯ ಚಿತ್ತಾರ ಬೇಕಾದರೆ ಉಂಗುರಗಳಿಗೆ ತಾಗುವಂತೆ, ಗಾಲಿಯ ಪಟ್ಟಿಗೆ ಸಮಾನಾಂತರವಾಗಿ ಸೀಳಬೇಕು. ಒಂದೇ ದಿಮ್ಮಿ ತಪ್ಪು ದಿಕ್ಕಿನಲ್ಲಿ ಸೀಳಿದರೆ ಸಾದಾ ಹಲಗೆ, ಸರಿ ದಿಕ್ಕಿನಲ್ಲಿ ಸೀಳಿದರೆ ಚಿತ್ತಾರದ ಹಲಗೆ.

ತಂಬೂರಿಯಲ್ಲಿ ಮರದ ನಾದ, ಗಿಟಾರಿನಲ್ಲಿ ಅಯಸ್ಕಾಂತದ ಕೆಲಸ

ಗದಗ ಸೀಮೆಗೆ ತಂತಿವಾದ್ಯ ಹೊಸದಲ್ಲ. ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮ ಗದಗಿನಲ್ಲೇ ಇದೆ. 1922ರಲ್ಲಿ ಹುಟ್ಟಿದ ಪಂಡಿತ ಭೀಮಸೇನ ಜೋಶಿಯವರ ಜನ್ಮಸ್ಥಳ ನರಗುಂದದ ನೆರೆಯ ರೋಣ. ಹಿಂದೂಸ್ತಾನಿ ಗಾಯಕರ ಹಿಂದೆ ನಾದ ಹಿಡಿಯುವ ತಂಬೂರಿಗೆ ಹೆಸರಾದ ಊರು ಗಡಿಯಾಚೆಯ ಮೀರಜ್. ತಂಬೂರಿಯ ತಂತಿಯನ್ನು ಮೀಟಿದಾಗ ಸೋರೆಬುರುಡೆ, ಅದರ ಮೇಲಿನ ಮರದ ಹಲಗೆ ಮತ್ತು ಒಳಗಿನ ಗಾಳಿ ಮೂರೂ ಸೇರಿ ಕಂಪಿಸಿ ದನಿಯನ್ನು ದೊಡ್ಡದು ಮಾಡುತ್ತವೆ. ದಕ್ಷಿಣದ ವೀಣೆಯಲ್ಲಿ ಈ ಕೆಲಸ ಹಲಸಿನ ಮರದ್ದು. ಇಂಥ ವಾದ್ಯಗಳಲ್ಲಿ ಮರ ಕೆಟ್ಟರೆ ನಾದವೇ ಕೆಟ್ಟಿತು.

ಎಲೆಕ್ಟ್ರಿಕ್ ಗಿಟಾರಿನ ರೀತಿ ಬೇರೆ. ಅದರ ಉಕ್ಕಿನ ತಂತಿಗಳ ಕೆಳಗೆ ಪಿಕಪ್ ಎಂಬ ಭಾಗವಿರುತ್ತದೆ. ಅಯಸ್ಕಾಂತದ ಸುತ್ತ ಕೂದಲಿನಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿಯೇ ಪಿಕಪ್. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಹೆಚ್ಚುಕಡಿಮೆಯಾಗುತ್ತದೆ. ಕಾಂತಕ್ಷೇತ್ರ ಬದಲಾದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿದ್ದ. ವಿದ್ಯುತ್ಕಾಂತೀಯ ಪ್ರೇರಣೆ ಎಂಬುದು ಇದೇ. ಹೀಗೆ ಹುಟ್ಟಿದ ಸಣ್ಣ ವಿದ್ಯುತ್ತನ್ನು ಆಂಪ್ಲಿಫೈಯರ್ ಹಿಗ್ಗಿಸಿ ಸ್ಪೀಕರಿಗೆ ಕೊಡುತ್ತದೆ. ಗಿಟಾರಿನ ಮುಂದೆ ಮೈಕ್ ಇಟ್ಟಂತೆ ಪಿಕಪ್ ಗಾಳಿಯ ಸದ್ದನ್ನು ಕೇಳುವುದಿಲ್ಲ, ಅದು ತಂತಿಯ ಅಲುಗಾಟವನ್ನು ಗ್ರಹಿಸುತ್ತದೆ.

ಇದಕ್ಕೆ ಇತಿಹಾಸವೇ ಸಾಕ್ಷಿ. ಮಾರುಕಟ್ಟೆಯಲ್ಲಿ ಗೆದ್ದ ಮೊದಲ ಎಲೆಕ್ಟ್ರಿಕ್ ಗಿಟಾರ್ 1932ರಲ್ಲಿ ಬಂದ ರಿಕನ್‌ಬ್ಯಾಕರ್ ಸಂಸ್ಥೆಯದು. ಬಾಣಲೆಯ ಆಕಾರದ ಆ ವಾದ್ಯಕ್ಕೆ ‘ಫ್ರೈಯಿಂಗ್ ಪ್ಯಾನ್’ ಎಂದೇ ಅಡ್ಡಹೆಸರು. ಅದರ ಒಡಲು ಮರದ್ದಲ್ಲ, ಎರಕಹೊಯ್ದ ಅಲ್ಯುಮಿನಿಯಂ! ಎಲೆಕ್ಟ್ರಿಕ್ ಗಿಟಾರ್ ನುಡಿಯಲು ಮರವೇ ಬೇಕೆಂದಿಲ್ಲ ಎಂಬುದು ಆಗಲೇ ತೀರ್ಮಾನವಾಗಿತ್ತು.

ಹಾಗಾದರೆ ಮರಕ್ಕೆ ಯಾವ ಕೆಲಸವೂ ಇಲ್ಲವೆ? ಇದೆ. ತಂತಿ ಕಟ್ಟಿದ ಎರಡು ತುದಿಗಳನ್ನು ಅಲುಗದಂತೆ ಹಿಡಿಯುವುದು ಅದರ ಮುಖ್ಯ ಕೆಲಸ. ಹಿಡಿದ ಜಾಗ ಅಲುಗಿದಷ್ಟೂ ತಂತಿಯ ಶಕ್ತಿ ಸೋರಿಹೋಗಿ ಸ್ವರ ಬೇಗ ಅಡಗುತ್ತದೆ. ಆ ಮಟ್ಟಿಗೆ ಮರದ ಬಿಗಿ, ತೂಕ, ಜೋಡಣೆಗಳಿಗೆ ಬೆಲೆಯಿದೆ. ಆದರೆ ಎರಡು ಗಿಟಾರ್‌ಗಳ ದನಿಯಲ್ಲಿ ಕಿವಿಗೆ ಬೀಳುವ ವ್ಯತ್ಯಾಸದಲ್ಲಿ ದೊಡ್ಡ ಪಾಲು ಪಿಕಪ್, ಅದನ್ನು ಕೂಡಿಸಿದ ಜಾಗ, ತಂತಿ, ಆಂಪ್ಲಿಫೈಯರ್ ಮತ್ತು ನುಡಿಸುವ ಬೆರಳುಗಳದ್ದು. ಮುಖದ ಮೇಲಿನ ಜ್ವಾಲೆ ದನಿಯನ್ನು ಇಂಪು ಮಾಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ.

ಬಣ್ಣದಡಿ ಅಡಗಿದ್ದ ಮೇಪಲ್

ಚಿತ್ತಾರದ ಹಲಗೆಗೆ ಇಷ್ಟು ಬೆಲೆ ಬಂದದ್ದರ ಹಿಂದೆ ಒಂದು ಸ್ವಾರಸ್ಯದ ಕಥೆಯಿದೆ. ಅಮೆರಿಕದ ಗಿಬ್ಸನ್ ಸಂಸ್ಥೆ ವಾದಕ ಲೆಸ್ ಪಾಲ್ ಹೆಸರಿನ ಗಿಟಾರನ್ನು 1952ರಲ್ಲಿ ಮಾರುಕಟ್ಟೆಗೆ ತಂದಿತು. ಹಿಂಬದಿಗೆ ಮಹಾಗನಿ, ಮುಂಬದಿಗೆ ಮೇಪಲ್. ಆದರೆ ಆ ಮೇಪಲ್ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮುಖದ ಮೇಲೆ ಪೂರ್ತಿ ಹೊನ್ನಿನ ಬಣ್ಣ ಬಳಿಯುತ್ತಿದ್ದರು. 1958ರಲ್ಲಿ ಸಂಸ್ಥೆ ಆ ಬಣ್ಣ ಬಿಟ್ಟು, ಅಂಚಿನಲ್ಲಿ ಕೆಂಪು, ನಡುವೆ ಹಳದಿ ಬರುವ ಪಾರದರ್ಶಕ ಲೇಪ ಹಚ್ಚತೊಡಗಿತು. ಆಗ ಅಡಿಯ ಮೇಪಲಿನ ಚಿತ್ತಾರ ಬೆಳಕಿಗೆ ಬಂತು. ಕೆಲವು ಗಿಟಾರ್‌ಗಳಲ್ಲಿ ಎದ್ದುಕಾಣುವ ಜ್ವಾಲೆ, ಹಲವುಗಳಲ್ಲಿ ತೀರ ಸಾದಾ ಹಲಗೆ.

1960ರ ಹೊತ್ತಿಗೆ ಆ ಮಾದರಿಯೇ ನಿಂತುಹೋಯಿತು. ಆಮೇಲೆ ದೊಡ್ಡ ವಾದಕರು ಆ ಹಳೆಯ ಗಿಟಾರ್‌ಗಳನ್ನು ಹುಡುಕಿ ನುಡಿಸತೊಡಗಿದಾಗ ಅವುಗಳ ಬೆಲೆ ಏರುತ್ತ ಹೋಗಿ, ಇಂದು ಒಂದೊಂದು ಹಲವು ಲಕ್ಷ ಡಾಲರಿಗೆ ಮಾರಾಟವಾಗುತ್ತದೆ. 1985ರಲ್ಲಿ ಆರಂಭವಾದ ಪಾಲ್ ರೀಡ್ ಸ್ಮಿತ್ ಸಂಸ್ಥೆ ಚಿತ್ತಾರದ ಮೇಪಲನ್ನೇ ತನ್ನ ಗುರುತಾಗಿ ಮಾಡಿಕೊಂಡಿತು. ಬೆಲೆಯನ್ನು ಏರಿಸಿದ್ದು ಕಣ್ಣು, ಕಿವಿಯಲ್ಲ.

ಬಡಿಗರ ಲೆಕ್ಕ ತಪ್ಪಲ್ಲ

ಇಲ್ಲಿ ಚಿಕ್ಕನರಗುಂದದ ಬಡಿಗರ ಲೆಕ್ಕಕ್ಕೆ ಮರಳಬೇಕು. ಮರಕ್ಕೆ ಎಳೆಯ ಉದ್ದಕ್ಕೆ ಇರುವ ಬಲ ಅಡ್ಡಕ್ಕೆ ಇಲ್ಲ. ಸೌದೆ ಉದ್ದಕ್ಕೆ ಸುಲಭವಾಗಿ ಸೀಳುತ್ತದೆ, ಅಡ್ಡಕ್ಕೆ ಕಡಿಯಲು ಬೆವರಿಳಿಯುತ್ತದೆ. ಎಳೆ ಓರೆಯಾದಷ್ಟೂ ಬಲ ಕುಗ್ಗುತ್ತದೆ. ಮರದ ಎಂಜಿನಿಯರಿಂಗಿನಲ್ಲಿ ಬಳಸುವ ಪಟ್ಟಿಯ ಪ್ರಕಾರ, ನೆಟ್ಟನೆಯ ಎಳೆಯ ತುಂಡಿನ ಬಾಗುಬಲ 100 ಎಂದಿಟ್ಟುಕೊಂಡರೆ, ಎಳೆ 20 ಇಂಚಿಗೆ 1 ಇಂಚಿನಷ್ಟು ಓರೆಯಾದಾಗ ಅದು 93ಕ್ಕೆ, 10 ಇಂಚಿಗೆ 1 ಇಂಚು ಓರೆಯಾದಾಗ 81ಕ್ಕೆ, 5 ಇಂಚಿಗೆ 1 ಇಂಚು ಓರೆಯಾದಾಗ 55ಕ್ಕೆ ಇಳಿಯುತ್ತದೆ. ಕೊಡಲಿಯ ಕಾವಿಗೆ ಅಲೆಯೆಳೆಯ ಮರ ಬೇಡವೆನ್ನುವುದು ಅನುಭವದ ಮಾತೂ ಹೌದು, ಲೆಕ್ಕದ ಮಾತೂ ಹೌದು.

ಗಿಟಾರಿನಲ್ಲಿಯೂ ಈ ಲೆಕ್ಕ ಸುಳ್ಳಾಗುವುದಿಲ್ಲ. ಆರು ತಂತಿಗಳನ್ನು ಶ್ರುತಿಗೆ ಬಿಗಿದಾಗ ಒಟ್ಟು ಎಳೆತ ಸುಮಾರು 45 ಕಿಲೋ, ಅಂದರೆ ಹೆಚ್ಚುಕಡಿಮೆ ಅರ್ಧ ಮೂಟೆ ಜೋಳದ ಭಾರ. ಹಗಲಿರುಳು ಈ ಎಳೆತವನ್ನು ತಡೆಯುವುದು ಗಿಟಾರಿನ ಕುತ್ತಿಗೆ. ಆದ್ದರಿಂದ ಕುತ್ತಿಗೆಗೆ ನೆಟ್ಟನೆಯ ಎಳೆಯ ಮರವೇ ಸುರಕ್ಷಿತ. ಮುಖದ ಹಲಗೆಯಾದರೋ ದಪ್ಪನೆಯ ಒಡಲಿನ ಮೇಲೆ ಪೂರ್ತಿ ಅಂಟಿಕೊಂಡು ಮಲಗಿರುತ್ತದೆ. ಭಾರ ಹೊರುವುದು ಅಡಿಯ ಮರ, ಶೋಭೆ ಮೇಲಿನದು. ದೋಷದ ಹಲಗೆ ಅಲಂಕಾರವಾಗಲು ಸಾಧ್ಯವಾದದ್ದು ಭಾರವಿಲ್ಲದ ಜಾಗದಲ್ಲಿ ಅದನ್ನು ಇಟ್ಟದ್ದರಿಂದ.

ಈ ವಿವೇಕ ಹಳೆಯದು. ಇಟಲಿಯ ಕ್ರೆಮೋನಾದ ಸ್ಟ್ರಾಡಿವೇರಿ ತನ್ನ ಪಿಟೀಲುಗಳ ಮುಂಭಾಗಕ್ಕೆ ನೆಟ್ಟನೆಯ ಎಳೆಯ ಸ್ಪ್ರೂಸ್ ಮರವನ್ನೂ, ಬೆನ್ನಿಗೆ ಅಲೆಯೆಳೆಯ ಮೇಪಲನ್ನೂ ಬಳಸಿದ. ಪಿಟೀಲಿನಲ್ಲಿ ನಾದದ ಮುಖ್ಯ ಹೊಣೆ ಮುಂಭಾಗದ್ದು. ಅಲ್ಲಿ ಆತ ಚಿತ್ತಾರಕ್ಕೆ ಜಾಗ ಕೊಡಲಿಲ್ಲ.

ಹಲಗೆ ಆರಿಸುವ ಬಗೆ

ಗಿಟಾರ್ ಮಾಡುವವರು ಮುಖದ ಹಲಗೆ ಆರಿಸುವಾಗ ನೋಡುವ ಸಂಗತಿಗಳು ವಿಜ್ಞಾನದ ವಿದ್ಯಾರ್ಥಿಗೆ ಒಂದು ಪ್ರಾಯೋಗಿಕ ಪಾಠವೇ ಸರಿ.

ಮೊದಲನೆಯದು ಬೆಳಕು. ಗರಗಸದಿಂದ ಬಂದ ಒರಟು ಹಲಗೆಯಲ್ಲಿ ಚಿತ್ತಾರ ಮಸುಕು. ಅದರ ಮೇಲೆ ಒದ್ದೆ ಬಟ್ಟೆ ಅಥವಾ ಸ್ಪಿರಿಟ್ ಸವರಿದರೆ ಎಳೆಗಳ ನಡುವಿನ ಗಾಳಿಯ ಜಾಗವನ್ನು ದ್ರವ ತುಂಬಿ, ಚದುರುವ ಬೆಳಕು ಕಡಿಮೆಯಾಗಿ, ಪಾಲಿಶ್ ಮಾಡಿದ ಮೇಲೆ ಹೇಗೆ ಕಾಣುವುದೆಂಬ ಅಂದಾಜು ಸಿಗುತ್ತದೆ. ಆಮೇಲೆ ಹಲಗೆಯನ್ನು ಕಿಟಕಿಯ ಬಳಿ ನಾಲ್ಕೂ ಕಡೆ ವಾಲಿಸಿ ನೋಡಬೇಕು. ಒಂದು ಕೋನದಲ್ಲಿ ಮಾತ್ರ ಹೊಳೆದು ಉಳಿದ ಕಡೆ ಮಂಕಾದರೆ ಚಿತ್ತಾರ ಆಳವಾಗಿಲ್ಲವೆಂದು ಅರ್ಥ.

ಎರಡನೆಯದು ಜೋಡಿ. ದಪ್ಪ ಹಲಗೆಯನ್ನು ನಡುವೆ ಸೀಳಿ ಪುಸ್ತಕ ತೆರೆದಂತೆ ಬಿಡಿಸಿದರೆ ಎಡಬಲಗಳು ಕನ್ನಡಿಯ ಬಿಂಬದಂತೆ ಕೂಡುತ್ತವೆ. ಆದರೆ ಎಡಭಾಗದಲ್ಲಿ ಎಳೆ ಯಾವ ಕಡೆ ವಾಲಿದೆಯೋ ಬಲಭಾಗದಲ್ಲಿ ಅದರ ಎದುರು ದಿಕ್ಕಿಗೆ ವಾಲಿರುತ್ತದೆ. ಓರೆ ಹೆಚ್ಚಾಗಿದ್ದರೆ ಒಂದು ಭಾಗ ಬೆಳಗುವಾಗ ಇನ್ನೊಂದು ಕಪ್ಪಾಗಿ ಕಾಣುತ್ತದೆ. ಆದ್ದರಿಂದ ಎರಡೂ ಭಾಗಗಳನ್ನು ಕೂಡಿಸಿಟ್ಟು ನೋಡದೆ ಕೊಳ್ಳಬಾರದು.

ಮೂರನೆಯದು ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು ತೇವ. ಹಸಿ ಮರ ಒಣಗುವಾಗ ಅಗಲದಲ್ಲಿ ಕುಗ್ಗುತ್ತದೆ. ಮಳೆಗಾಲದ ಕರಾವಳಿಯಿಂದ ತಂದ ಹಲಗೆಯನ್ನು ನರಗುಂದದ ಏಪ್ರಿಲ್ ಬಿಸಿಲಿನ ದಿನಗಳಲ್ಲಿ ಅಂಟಿಸಿದರೆ ಕೂಡಿಸಿದ ಜಾಗ ಬಿಡುವುದು ಅಥವಾ ಹಲಗೆ ಸೊಟ್ಟಗಾಗುವುದು ಖಂಡಿತ. ಅಲೆಯೆಳೆಯ ಮರದಲ್ಲಿ ಎಳೆಯ ದಿಕ್ಕು ಜಾಗಜಾಗಕ್ಕೆ ಬೇರೆಯಾಗಿರುವುದರಿಂದ ಈ ತೊಂದರೆ ಇನ್ನೂ ಹೆಚ್ಚು. ಗಿಟಾರ್ ಕಾರ್ಖಾನೆಗಳು ನೂರಕ್ಕೆ 6ರಿಂದ 8ರಷ್ಟು ತೇವ ಉಳಿಯುವವರೆಗೆ ಮರವನ್ನು ಒಣಗಿಸುತ್ತವೆ. ನೆರಳಿನಲ್ಲಿ ಗಾಳಿಗೆ ಒಣಗಿಸುವವರು ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬ ಅಂದಾಜು ಇಟ್ಟುಕೊಳ್ಳುತ್ತಾರೆ.

ತೇವದ ಲೆಕ್ಕ ಶಾಲೆಯ ಪ್ರಯೋಗಾಲಯದಲ್ಲೂ ಸಾಧ್ಯ. ಹಲಗೆಯಿಂದ ಸಣ್ಣ ತುಂಡು ಕತ್ತರಿಸಿ ತೂಗಬೇಕು. ಅದನ್ನು 103 ಡಿಗ್ರಿ ಸೆಲ್ಸಿಯಸ್ ಬಿಸಿಯ ಒಲೆಯಲ್ಲಿಟ್ಟು, ತೂಕ ಇನ್ನು ಇಳಿಯದು ಎನ್ನುವವರೆಗೆ ಒಣಗಿಸಿ ಮತ್ತೆ ತೂಗಬೇಕು. ಮೊದಲ ತೂಕ 112 ಗ್ರಾಂ, ಒಣಗಿದ ಮೇಲೆ 100 ಗ್ರಾಂ ಆದರೆ ಹೋದ ನೀರು 12 ಗ್ರಾಂ. ಅದನ್ನು ಒಣ ತೂಕದಿಂದ ಭಾಗಿಸಿದರೆ ತೇವ ನೂರಕ್ಕೆ 12. ಒಲೆ ಇಲ್ಲದವರು ಇಡೀ ಹಲಗೆಯನ್ನೇ ವಾರಕ್ಕೊಮ್ಮೆ ತೂಗಿ ಬರೆದಿಡಬಹುದು. ಹಲವು ವಾರ ತೂಕ ಒಂದೇ ಇದ್ದರೆ ಹಲಗೆ ಆ ಊರಿನ ಹವೆಗೆ ಹೊಂದಿಕೊಂಡಿದೆ ಎಂದು ತಿಳಿಯಬೇಕು.

ನಾಲ್ಕನೆಯದು ತೂಕ. 46 ಸೆಂಟಿಮೀಟರ್ ಉದ್ದ, 36 ಸೆಂಟಿಮೀಟರ್ ಅಗಲ, 6 ಮಿಲಿಮೀಟರ್ ದಪ್ಪದ ಹಲಗೆಯ ಗಾತ್ರ ಹೆಚ್ಚುಕಡಿಮೆ ಒಂದು ಲೀಟರ್. ಗಟ್ಟಿ ಮೇಪಲ್ ಆದರೆ ಅದರ ತೂಕ ಸುಮಾರು 700 ಗ್ರಾಂ, ಬೀಟೆ ಆದರೆ ಸುಮಾರು 850 ಗ್ರಾಂ. ದಪ್ಪವನ್ನು ಮೂರು ಪಟ್ಟು ಮಾಡಿದರೆ ವ್ಯತ್ಯಾಸವೂ ಮೂರು ಪಟ್ಟಾಗಿ ಅರ್ಧ ಕಿಲೋ ಸಮೀಪಿಸುತ್ತದೆ. ಗಂಟೆಗಟ್ಟಲೆ ಹೆಗಲಿಗೆ ತೂಗುಹಾಕಿಕೊಳ್ಳುವ ಹುಡುಗ ಹುಡುಗಿಯರಿಗೆ ಇದು ಸಣ್ಣ ಮಾತಲ್ಲ.

ಕೊನೆಯದು ಕುಂದು. ತುದಿಯ ಸಣ್ಣ ಬಿರುಕು, ಹುಳು ಕೊರೆದ ತೂತು, ಉಗುರಿಗೆ ಕುಸಿಯುವ ಮೆತ್ತನೆಯ ಭಾಗ ಇವನ್ನೆಲ್ಲ ನೋಡಬೇಕು. ಅಲೆಯೆಳೆಯ ಹಲಗೆಗೆ ರಂದಾ ಹೊಡೆದರೆ ಮೇಲೆತ್ತಿದ ಎಳೆ ಚಕ್ಕೆಚಕ್ಕೆಯಾಗಿ ಕಿತ್ತುಬರುತ್ತದೆ. ಹರಿತವಾದ ಅಲಗು, ತೆಳು ಹೆರೆ, ತಾಳ್ಮೆ ಮೂರೂ ಬೇಕು. ಶಿಲೀಂಧ್ರದ ಗೆರೆಯ ಮರವನ್ನು ಉಜ್ಜುವಾಗ ಮೂಗು ಬಾಯಿಗೆ ಮುಖಗವಸು ಕಡ್ಡಾಯ.

ಅಂಗಡಿಯಲ್ಲಿ ತಂದೆ-ತಾಯಿ ಕೇಳಬೇಕಾದದ್ದು

ಗಿಟಾರನ್ನು ಕೊಳ್ಳುವವರು ಹಲಗೆಯನ್ನೇ ಕೊಳ್ಳುವುದಿಲ್ಲವಲ್ಲ ಎನ್ನಬಹುದು. ಆದರೆ ಕೊಡುವ ಹಣದಲ್ಲಿ ಚಿತ್ತಾರದ ಬೆಲೆ ಸೇರಿಯೇ ಇರುತ್ತದೆ. ದುಬಾರಿ ಗಿಟಾರ್‌ಗಳಲ್ಲಿ ಮುಖದ ಹಲಗೆ ಒಂದೂವರೆ ಸೆಂಟಿಮೀಟರಿಗೂ ದಪ್ಪವಿರಬಹುದು. ನಡುಬೆಲೆಯವುಗಳಲ್ಲಿ ಕೆಲವೇ ಮಿಲಿಮೀಟರ್. ಅಗ್ಗದವುಗಳಲ್ಲಿ ಅರ್ಧ ಮಿಲಿಮೀಟರಿನಷ್ಟು ತೆಳುವಾದ ವಿನೀರ್ ಹಾಳೆಯನ್ನು ಸಾದಾ ಮರದ ಮೇಲೆ ಅಂಟಿಸಿರುತ್ತಾರೆ. ಇನ್ನೂ ಅಗ್ಗದವುಗಳಲ್ಲಿ ಮರವೇ ಇಲ್ಲ, ಚಿತ್ತಾರದ ಫೋಟೊ ಮುದ್ರಿಸಿ ಮೇಲೆ ವಾರ್ನಿಷ್ ಹಚ್ಚಿರುತ್ತಾರೆ.

ಇವನ್ನು ಬೇರ್ಪಡಿಸುವುದು ಸುಲಭ. ಗಿಟಾರನ್ನು ಬೆಳಕಿನಲ್ಲಿ ವಾಲಿಸಿದಾಗ ಪಟ್ಟಿಗಳು ಜರುಗಿದರೆ ಅದು ಮರ, ಜರುಗದೆ ಇದ್ದಲ್ಲೇ ಇದ್ದರೆ ಚಿತ್ರ. ಮುಖದ ಗೆರೆ ಅಂಚಿನಲ್ಲಿ ಇಳಿದು ಪಕ್ಕಕ್ಕೂ ಮುಂದುವರಿದಿದ್ದರೆ ದಪ್ಪ ಹಲಗೆ, ಅಂಚಿನಲ್ಲೇ ಥಟ್ಟನೆ ನಿಂತಿದ್ದರೆ ತೆಳು ಹಾಳೆ. ವಿನೀರ್ ಇದ್ದರೆ ಮೋಸವೆಂದಲ್ಲ. ಒಂದು ಮರದಿಂದ ಹತ್ತಾರು ಪಟ್ಟು ಹೆಚ್ಚು ಗಿಟಾರ್‌ಗಳಿಗೆ ಮುಖ ಸಿಗುವುದು ವಿನೀರಿನಿಂದಲೇ. ವಿನೀರ್ ಕೊಟ್ಟು ದಪ್ಪ ಹಲಗೆಯ ಬೆಲೆ ಕೇಳಿದರೆ ಮಾತ್ರ ಮೋಸ.

ಕಲಿಯುವ ಮಗುವಿನ ಮೊದಲ ಗಿಟಾರಿಗೆ ಚಿತ್ತಾರದ ಚಿಂತೆಯೇ ಬೇಡ. ಕುತ್ತಿಗೆ ನೆಟ್ಟಗಿದೆಯೇ, ಫ್ರೆಟ್‌ಗಳು ಸಮನಾಗಿವೆಯೇ, ಶ್ರುತಿ ನಿಲ್ಲುತ್ತದೆಯೇ, ತಂತಿ ಬೆರಳು ಕೊಯ್ಯುವಷ್ಟು ಎತ್ತರದಲ್ಲಿಲ್ಲವಷ್ಟೇ? ಇಷ್ಟು ನೋಡಿದರೆ ಸಾಕು. ಮುಖಕ್ಕೆ ಉಳಿಸಿದ ಹಣ ಒಂದು ವರ್ಷದ ಪಾಠದ ಶುಲ್ಕವಾಗುತ್ತದೆ.

ಮರದ ಊರು ಯಾವುದು?

ಚಿತ್ತಾರದ ಆಸೆಗೆ ಇನ್ನೊಂದು ಮುಖವಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾಡುಗಳಲ್ಲಿ ಅಗಲ ಎಲೆಯ ಮೇಪಲ್‌ಗಳನ್ನು ರಾತ್ರಿ ಹೊತ್ತು ಕದ್ದು ಕಡಿಯುವುದು ನಡೆದಿದೆ. ಕಳ್ಳರು ನಿಂತ ಮರದ ತೊಗಟೆ ಸುಲಿದು ಒಳಗೆ ಅಲೆಯಿದೆಯೇ ಎಂದು ನೋಡುತ್ತಾರೆ. ಇಲ್ಲದಿದ್ದರೆ ಗಾಯಗೊಂಡ ಮರವನ್ನು ಹಾಗೇ ಬಿಟ್ಟು ಮುಂದಿನದಕ್ಕೆ ಹೋಗುತ್ತಾರೆ. 2018ರ ಆಗಸ್ಟಿನಲ್ಲಿ ಒಲಿಂಪಿಕ್ ರಾಷ್ಟ್ರೀಯ ಅರಣ್ಯದಲ್ಲಿ ಮೇಪಲ್ ಕಳವು ನಡೆಯುತ್ತಿದ್ದ ಜಾಗದಲ್ಲಿ ಹೊತ್ತಿದ ಬೆಂಕಿ ಸುಮಾರು 3,300 ಎಕರೆ ಕಾಡನ್ನು ಸುಟ್ಟಿತು. ಮಾರಾಟವಾದ ಹಲಗೆಗಳ ಡಿಎನ್‌ಎ ಕಾಡಿನಲ್ಲಿ ಉಳಿದ ಮರದ ಡಿಎನ್‌ಎಗೆ ಹೊಂದುತ್ತದೆಂದು ವಿಜ್ಞಾನಿಗಳು ತೋರಿಸಿದ ಮೇಲೆ 2021ರಲ್ಲಿ ನ್ಯಾಯಾಲಯದಲ್ಲಿ ಕಳ್ಳತನ ರುಜುವಾತಾಯಿತು. ಬೆಂಕಿಯ ಆರೋಪದಲ್ಲಿ ಮಾತ್ರ ಶಿಕ್ಷೆಯಾಗಲಿಲ್ಲ. ಮನುಷ್ಯರ ಅಪರಾಧಗಳಲ್ಲಿ ಬಳಸುವ ಡಿಎನ್‌ಎ ಸಾಕ್ಷ್ಯ ಮರಕ್ಕೂ ನ್ಯಾಯ ಕೊಡಿಸಬಲ್ಲದು ಎಂಬುದು ಇದರಿಂದ ತಿಳಿದುಬಂತು.

ಕರ್ನಾಟಕದ ಕಾಡಿಗೂ ಗಿಟಾರಿಗೂ ಹಳೆಯ ನಂಟಿದೆ. ಪಶ್ಚಿಮಘಟ್ಟದ ಬೀಟೆ ಮರ ಪ್ರಪಂಚದಾದ್ಯಂತ ಗಿಟಾರ್‌ಗಳ ಫ್ರೆಟ್ ಹಲಗೆಯಾಗಿ, ಪಕ್ಕ ಮತ್ತು ಬೆನ್ನಾಗಿ ಬಳಕೆಯಾಗಿದೆ. ಮೊದಲು ಬ್ರೆಜಿಲ್ ದೇಶದ ರೋಸ್‌ವುಡ್ ಬಳಸುತ್ತಿದ್ದ ಅಮೆರಿಕದ ಮಾರ್ಟಿನ್ ಸಂಸ್ಥೆ, ಅದು ಸಿಗುವುದು ಕಷ್ಟವಾದಾಗ 1969ರಲ್ಲಿ ಭಾರತದ ಬೀಟೆಗೆ ತಿರುಗಿತು. ಮೈಸೂರಿನ ಇನ್‌ಲೇ ಕುಶಲಕರ್ಮಿಗಳು ಚಿತ್ರಗಳಿಗೆ ಹಿನ್ನೆಲೆಯಾಗಿ ಬಳಸುವುದೂ ಇದೇ ಮರವನ್ನು. ಇಂದು ಬೀಟೆ ಅಪಾಯಕ್ಕೆ ಗುರಿಯಾಗಬಲ್ಲ ಮರಗಳ ಪಟ್ಟಿಯಲ್ಲಿದೆ. 2017ರ ಜನವರಿಯಿಂದ ಇಡೀ ಡಾಲ್ಬರ್ಜಿಯಾ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಬಂತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಕರ್ನಾಟಕದಲ್ಲಿ ಸ್ವಂತ ಜಮೀನಿನಲ್ಲಿದ್ದರೂ ಬೀಟೆಯನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಆದ್ದರಿಂದ ಹಲಗೆ ಕೊಳ್ಳುವವರು ಚಿತ್ತಾರ ನೋಡುವ ಮೊದಲು ರಸೀದಿ ಮತ್ತು ಸಾಗಣೆ ಪರವಾನಗಿ ನೋಡುವುದು ಒಳಿತು. ಒಂದು ಕೈಯಿಂದ ಅಪ್ಪಿದರೂ ಸಿಕ್ಕದಷ್ಟು ದಪ್ಪವಾಗಲು ಬೀಟೆಗೆ ತಲೆಮಾರುಗಳು ಬೇಕು.

ಬದುವಿನ ಮರವೂ ಬಂಗಾರ

ಚಿತ್ತಾರಕ್ಕಾಗಿ ಅಮೆರಿಕದ ಕಾಡಿಗೇ ಹೋಗಬೇಕಾಗಿಲ್ಲ, ಘಟ್ಟದ ಬೀಟೆಗೂ ಕೈ ಹಾಕಬೇಕಾಗಿಲ್ಲ. ಗಿಟಾರ್ ಮತ್ತು ಉಕುಲೇಲೆ ಮಾಡುವವರು ಹೊರದೇಶಗಳಲ್ಲಿ ಬೆಲೆ ಕೊಟ್ಟು ಕೊಳ್ಳುವ ಮರಗಳಲ್ಲಿ ಮಾವು, ಹುಣಸೆ, ಮಳೆಮರ ಮೂರೂ ಇವೆ. ಹಳೆಯ ಮಾವಿನ ಮರದಲ್ಲಿ ಅಲೆಯೂ ಬಣ್ಣದ ಪಟ್ಟಿಗಳೂ ಸಿಗುತ್ತವೆ. ರಸ್ತೆ ಬದಿಯ ಮಳೆಮರದ ಚೇಗಿನಲ್ಲಿ ಕಂದು ಬಣ್ಣದ ಸುಂದರ ಗೆರೆಗಳಿರುತ್ತವೆ. ಶಿಲೀಂಧ್ರ ತಗಲಿ ಕಪ್ಪು ಗೆರೆ ಮೂಡಿದ ಹುಣಸೆ ಹಲಗೆಗಂತೂ ಗಿಟಾರಿನ ಮುಖಕ್ಕೆಂದೇ ಬೇಡಿಕೆಯಿದೆ. ಕಾಡಿನ ಮತ್ತಿ ಮರದಲ್ಲೂ ಪಿಟೀಲಿನ ಬೆನ್ನಿನಂಥ ಅಲೆ ಕಾಣಿಸುವುದುಂಟು. ಗಾಳಿಗೆ ಬಿದ್ದ ಮಾವು, ರಸ್ತೆ ಅಗಲ ಮಾಡುವಾಗ ಉರುಳಿದ ಹುಣಸೆ ಇಂದು ಬಹುಪಾಲು ಸೌದೆಯಾಗುತ್ತವೆ. ಗೊತ್ತಿರುವ ಕಣ್ಣು ಅವುಗಳ ಮುಂದೆ ಒಂದು ಗಳಿಗೆ ನಿಂತರೆ ಕೆಲವು ತುಂಡುಗಳಾದರೂ ಒಲೆಯಿಂದ ಪಾರಾಗುತ್ತವೆ.

ಇಂಥ ಕಣ್ಣು ಪಡೆಯಲು ಓದಿನ ದಾರಿಯೂ ಇದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರದ ಗುರುತು, ಒಣಗಿಸುವಿಕೆ, ಸಂರಕ್ಷಣೆಗಳ ಬಗ್ಗೆ ಸಂಶೋಧನೆ ನಡೆಯುತ್ತದೆ. ಸಾವಿರಾರು ಮರದ ಮಾದರಿಗಳ ಸಂಗ್ರಹವೂ ಅಲ್ಲಿದೆ. ಅರಣ್ಯ ವಿಜ್ಞಾನ ಓದಿದವರಿಗೂ, ಸಸ್ಯಶಾಸ್ತ್ರ, ಭೌತಶಾಸ್ತ್ರ ಓದಿದವರಿಗೂ ಈ ಕ್ಷೇತ್ರದಲ್ಲಿ ಕೆಲಸವಿದೆ. ಇನ್ನೊಂದು ದಾರಿ ಬಡಿಗತನದ್ದು. ಎಳೆಯನ್ನು ನೋಡಿದೊಡನೆ ಅದರ ಗುಣ ಹೇಳಬಲ್ಲ ಹಿರಿಯರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಚಕ್ಕಡಿಗೆ ಟೈರು ಬಂದು, ಬಾಗಿಲಿಗೆ ಕಬ್ಬಿಣ ಬಂದು ಅವರ ಕೆಲಸ ಕಡಿಮೆಯಾಗಿದೆ. ಅವರ ಮಕ್ಕಳು ಕಾಲೇಜಿನಲ್ಲಿ ಕಲಿತ ವಿಜ್ಞಾನವನ್ನು ಅಪ್ಪನ ಕೈಗುಣದೊಂದಿಗೆ ಕೂಡಿಸಿದರೆ ಗಿಟಾರ್ ಆದೀತು, ತಂಬೂರಿ ಆದೀತು, ಬೇರೇನಾದರೂ ಆದೀತು.

ಬಡಿಗರ ಲೆಕ್ಕವೂ ಸರಿ, ಗಿಟಾರ್ ಮಾಡುವವರ ಲೆಕ್ಕವೂ ಸರಿ. ಭಾರ ಬೀಳುವ ಕಡೆ ನೆಟ್ಟನೆಯ ಎಳೆ, ಭಾರವಿಲ್ಲದ ಕಡೆ ಬಳುಕಿದ ಎಳೆ ಎಂದು ತಿಳಿದವನಿಗೆ ಬೇಡವಾದ ಮರ ಕಡಿಮೆ. ಮುಖದ ಚಿತ್ತಾರ ಕಂಡು ಮರುಳಾಗುವ ಮುನ್ನ ಕುತ್ತಿಗೆಯ ಎಳೆ ನೋಡುವ ಅಭ್ಯಾಸ ಮಕ್ಕಳಿಗೆ ಗಿಟಾರ್ ಅಂಗಡಿಯಲ್ಲಿ ಬಂದರೂ ಆಯಿತು, ಬಡಿಗರ ಅಂಗಳದಲ್ಲಿ ಬಂದರೂ ಆಯಿತು.